ಮಾವನ ಪೆಟ್ ಸ್ಕ್ಯಾನ್ ಮತ್ತು ಹಾಲುಹಾದಿಯ ನಡುವಿನ ಹೊಳಪು

ಹೋದ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಮಾವನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಪೆಟ್ ಸ್ಕ್ಯಾನ್ ಮಾಡಿಸಿ ಅಂದರು ಡಾಕ್ಟರು. ಅದಕ್ಕಾಗಿ ಬೆಳಿಗ್ಗೆ ಐದಕ್ಕೇ ಗೋಣಿಕೊಪ್ಪ ಬಿಟ್ಟು, ತಿತಿಮತಿ, ಹುಣಸೂರು ದಾಟಿ ಮೈಸೂರಿಗೆ ಹೋದೆವು. ಖಾಲಿ ಹೊಟ್ಟೆಯಲ್ಲಿ ಬರಬೇಕು, ನೀರು ಮಾತ್ರ ಕುಡಿಯಬಹುದು ಅಂತ ಹೇಳಿದ್ದರು. ನಲವತ್ತು ವರ್ಷ ಕಾಫಿ ಬೆಳೆದ ಮನುಷ್ಯನಿಗೆ ಬೆಳಗಿನ ಕಾಫಿ ಇಲ್ಲ ಅಂದರೆ ಹೇಗಿರುತ್ತದೆ! ದಾರಿಯುದ್ದಕ್ಕೂ ಗಂಟಿನ ಚಿಂತೆಗಿಂತ ಕಾಫಿಯ ಗೊಣಗಾಟವೇ ಜಾಸ್ತಿಯಾಗಿತ್ತು.

ಅಲ್ಲಿ ಕೈಗೊಂದು ಇಂಜೆಕ್ಷನ್ ಕೊಟ್ಟು, ಒಂದು ಗಂಟೆ ಅಲುಗಾಡದೆ ಮಲಗಿಸಿ, ಆಮೇಲೆ ಬಳೆಯಂಥ ಯಂತ್ರದೊಳಗೆ ಕಳಿಸಿದರು. ಗಂಟು ಅಪಾಯದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ವಾಪಸು ಬರುವಾಗ ಮಾವ ಹಿಡಿದುಕೊಂಡದ್ದು ಫಾರ್ಮಿನಲ್ಲಿದ್ದ ಒಂದು ಪದವನ್ನು. "ಅಲ್ಲ ಮಾರಾಯ, ಈ ಪಾಸಿಟ್ರಾನ್ ಅಂದ್ರೆ ಏನು?"

ಪಾಸಿಟ್ರಾನ್ ಅಂದರೆ ಎಲೆಕ್ಟ್ರಾನಿನ ಉಲ್ಟಾ ಜೋಡಿ. ತೂಕ ಅಷ್ಟೇ, ವಿದ್ಯುತ್ ಗುಣ ಮಾತ್ರ ವಿರುದ್ಧ. ಆಂಟಿಮ್ಯಾಟರ್ ಅನ್ನುತ್ತಾರಲ್ಲ, ಅದರ ಕುಟುಂಬದ್ದು. ಮಾವನಿಗೆ ಕೊಟ್ಟದ್ದು ಸಕ್ಕರೆಯಂಥ ಒಂದು ವಸ್ತು. ಅದರಲ್ಲಿ ಫ್ಲೋರಿನ್-18 ಎಂಬ ವಿಕಿರಣ ಬಿಡುವ ಪರಮಾಣು ಸೇರಿಸಿರುತ್ತಾರೆ. ಸುಮಾರು 110 ನಿಮಿಷಕ್ಕೊಮ್ಮೆ ಅದು ಅರ್ಧಕ್ಕರ್ಧ ಕರಗುತ್ತಾ ಹೋಗುತ್ತದೆ, ಕರಗುವಾಗ ಪಾಸಿಟ್ರಾನ್ ಬಿಡುತ್ತದೆ. ಆ ಪಾಸಿಟ್ರಾನ್ ಹೆಚ್ಚು ದೂರ ಹೋಗುವುದಿಲ್ಲ. ಒಂದೆರಡು ಮಿಲಿಮೀಟರ್ ಒಳಗೇ ಒಂದು ಎಲೆಕ್ಟ್ರಾನ್ ಸಿಗುತ್ತದೆ. ಎರಡೂ ಮುಟ್ಟಿದ ಕ್ಷಣ ಎರಡೂ ಇಲ್ಲ. ಅವುಗಳ ಜಾಗದಿಂದ ಎರಡು ಗಾಮಾ ಕಿರಣಗಳು, ಅಂದರೆ ಕಣ್ಣಿಗೆ ಕಾಣದ ತುಂಬಾ ಶಕ್ತಿಯ ಬೆಳಕು, ಹೊರಡುತ್ತವೆ, ಒಂದು ಆ ಕಡೆಗೆ, ಇನ್ನೊಂದು ಸರಿಯಾಗಿ ಈ ಕಡೆಗೆ. ಒಂದೊಂದರ ಶಕ್ತಿಯೂ 511 ಕೆಇವಿ, ಕೆಇವಿ ಅನ್ನುವುದು ಕಣಗಳ ಶಕ್ತಿಯ ಅಳತೆ. ಇದನ್ನು ಇಂಗ್ಲಿಷಿನಲ್ಲಿ ಅನೈಹಿಲೇಷನ್ ಅನ್ನುತ್ತಾರೆ. ನಾನು ಜೋಡಿ ಅಳಿವು ಅನ್ನುತ್ತೇನೆ.

ಬಳೆಯಂಥ ಯಂತ್ರದ ಕೆಲಸ ಈ ಜೋಡಿ ಕಿರಣಗಳನ್ನು ಹಿಡಿಯುವುದು. ಎದುರುಬದುರು ಎರಡು ಕಡೆ ಒಂದೇ ಹೊತ್ತಿಗೆ ಕಿರಣ ಬಿದ್ದರೆ, ಆ ಎರಡು ಬಿಂದುಗಳ ನಡುವಿನ ಗೆರೆಯ ಮೇಲೆಲ್ಲೋ ಅಳಿವು ನಡೆದಿದೆ ಅಂತ ಲೆಕ್ಕ. ಲಕ್ಷಗಟ್ಟಲೆ ಗೆರೆ ಸೇರಿದರೆ ಚಿತ್ರ ಮೂಡುತ್ತದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಇವತ್ತು ನನ್ನ ಒಳಗಿಂದ ಬೆಳಕು ಬಂತು ಅನ್ನು."

ಬಂದದ್ದು ನಿಜ. ಸೆಕೆಂಡಿಗೆ ಕೋಟಿಗಟ್ಟಲೆ ಸಲ. ಇದೇ ಉಪಾಯವನ್ನು ಆಕಾಶಕ್ಕೆ ಹಚ್ಚಿ, ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರನ್ನು ಹುಡುಕುವವರಿದ್ದಾರೆ. ನಾನು ಹೇಳಹೊರಟದ್ದು ಅವರ ವಿಷಯ.

ಡಾರ್ಕ್ ಮ್ಯಾಟರ್ ಇದೆ ಅಂತ ಗೊತ್ತಾದ ಕಥೆ ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ತೋಟಕ್ಕೆ ಆನೆ ಬಂದದ್ದನ್ನು ನಾವು ಎಷ್ಟು ಸಲ ಕಣ್ಣಾರೆ ನೋಡಿದ್ದೇವೆ? ಬೆಳಿಗ್ಗೆ ಎದ್ದರೆ ಬೇಲಿ ಮಲಗಿರುತ್ತದೆ, ಕಾಫಿ ಗಿಡ ಮುರಿದಿರುತ್ತದೆ, ದಾರಿಯಲ್ಲಿ ಲದ್ದಿ. ಆನೆ ಕಾಣದಿದ್ದರೂ ಬಂದಿತ್ತು ಅನ್ನಲು ಸಾಕ್ಷಿ ಬೇಕಾ? ಹಾಗೆಯೇ 1933ರಲ್ಲಿ ಫ್ರಿಟ್ಜ್ ಜ್ವಿಕಿ ಎಂಬವರು ಕೋಮಾ ಎಂಬ ಗ್ಯಾಲಕ್ಸಿಗಳ ಗುಂಪನ್ನು ನೋಡಿ, ಕಾಣುವ ವಸ್ತುವಿನ ಸೆಳೆತ ಮಾತ್ರ ಇದ್ದಿದ್ದರೆ ಇವು ಇಷ್ಟು ವೇಗಕ್ಕೆ ಚದುರಿ ಹೋಗಬೇಕಿತ್ತಲ್ಲ ಅಂದರು. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯ ಅಂಚಿನ ನಕ್ಷತ್ರಗಳು ನಿಧಾನವಾಗದೆ ಸುತ್ತುವುದನ್ನು ಅಳೆದು ತೋರಿಸಿದರು. ಆಮೇಲೆ ಬಂದ ಸಾಕ್ಷಿಗಳೆಲ್ಲ ಅದೇ ಕಡೆ ಬೊಟ್ಟು ಮಾಡಿವೆ. ವಿಶ್ವದ ವಸ್ತುವಿನಲ್ಲಿ ನೂರಕ್ಕೆ ಸುಮಾರು 85 ಪಾಲು ಇದೇ. ನಾವು, ಕಾಫಿ, ಬೆಟ್ಟ, ಸೂರ್ಯ ಎಲ್ಲ ಸೇರಿ ಉಳಿದ 15.

ಆದರೆ ಹೆಜ್ಜೆ ಗುರುತು ನೋಡಿ ಬಂದದ್ದು ಸಲಗವೋ ಮರಿ ಇರುವ ಹಿಂಡೋ ಅಂತ ಹೇಳಬಹುದು. ಸೆಳೆತ ನೋಡಿ ಡಾರ್ಕ್ ಮ್ಯಾಟರ್ ಯಾವ ಕಣ ಅಂತ ಹೇಳಲಾಗುವುದಿಲ್ಲ. ತೂಕ ಎಷ್ಟು ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ತೊಡಕು ಇರುವುದು ಇಲ್ಲಿಯೇ.

ಬಹಳ ಕಾಲದಿಂದ ಮುಂಚೂಣಿಯಲ್ಲಿರುವ ಊಹೆಗೆ ವಿಂಪ್ ಅಂತ ಹೆಸರು. ಪ್ರೋಟಾನಿಗಿಂತ ಹತ್ತಾರು, ನೂರಾರು ಪಟ್ಟು ಭಾರದ ಕಣ. ಬೆಳಕಿನೊಂದಿಗೆ ಸಂಬಂಧ ಇಲ್ಲ, ಬೇರೆ ವಸ್ತುವಿನೊಂದಿಗೂ ಮಾತು ಕಡಿಮೆ. ಆದರೆ ತನ್ನಂಥದೇ ಇನ್ನೊಂದು ಕಣ ಸಿಕ್ಕರೆ ಎರಡೂ ಅಳಿಯಬಹುದು. ಪಾಸಿಟ್ರಾನ್ ಎಲೆಕ್ಟ್ರಾನಿಗೆ ಉಲ್ಟಾ ಆದಂತೆ, ಈ ಕಣ ತನಗೆ ತಾನೇ ಉಲ್ಟಾ ಆಗಿರಬಹುದು ಅನ್ನುವುದು ಇದರ ಹಿಂದಿನ ಯೋಚನೆ. ಅಳಿದಾಗ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ. ನಮಗೆ ಗೊತ್ತಿರುವ ಕಣಗಳಾಗಿ, ಕೊನೆಗೆ ಗಾಮಾ ಕಿರಣ, ಪಾಸಿಟ್ರಾನ್, ಯಾವುದಕ್ಕೂ ಅಷ್ಟಾಗಿ ತಾಗದೆ ಹಾದುಹೋಗುವ ನ್ಯೂಟ್ರಿನೋ ಎಂಬ ಕಣ ಆಗಿ ಹೊರಬರುತ್ತದೆ. ಆ ಕೊನೆಯ ಚೂರುಗಳನ್ನು ಹಿಡಿದು ಮೂಲ ಕಣವನ್ನು ಊಹಿಸುವುದಕ್ಕೆ ಪರೋಕ್ಷ ಪತ್ತೆ ಅನ್ನುತ್ತಾರೆ. ನೆಲದಡಿ ಪಾತ್ರೆ ಇಟ್ಟು ಕಣ ಬಂದು ಗುದ್ದಲಿ ಅಂತ ಕಾಯುವುದು ಬೇರೆ ದಾರಿ. ಯಂತ್ರದಲ್ಲಿ ಹೊಸದಾಗಿ ಹುಟ್ಟಿಸಲು ನೋಡುವುದು ಮತ್ತೊಂದು. ಅವು ಇಲ್ಲಿ ಬೇಡ.

ಈ ಹುಡುಕಾಟ ಕತ್ತಲಲ್ಲಿ ಕಲ್ಲು ಹೊಡೆದಂತೆ ಅಲ್ಲ, ಯಾಕೆಂದರೆ ಗುರಿ ಎಷ್ಟು ದೊಡ್ಡದು ಅಂತ ಮೊದಲೇ ಲೆಕ್ಕ ಹಾಕಬಹುದು. ಈ ಲೆಕ್ಕ ನನಗೆ ತುಂಬಾ ಇಷ್ಟ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ವಿಶ್ವ ಹುಟ್ಟಿದ ಹೊಸದರಲ್ಲಿ ಎಲ್ಲವೂ ಕಿಕ್ಕಿರಿದು ಬಿಸಿಯಾಗಿತ್ತು. ವಿಂಪ್‌ಗಳು ಹುಟ್ಟುತ್ತಿದ್ದವು, ಒಂದಕ್ಕೊಂದು ಸಿಕ್ಕಿ ಅಳಿಯುತ್ತಿದ್ದವು. ಬಿಸಿ ಇಳಿದ ಮೇಲೆ ಹೊಸದಾಗಿ ಹುಟ್ಟಲು ಬೇಕಾದ ಶಕ್ತಿ ಸಿಗಲಿಲ್ಲ. ಅಳಿವು ಮಾತ್ರ ಮುಂದುವರಿಯಿತು. ಆದರೆ ಜಾಗ ಹಿಗ್ಗುತ್ತಲೇ ಇತ್ತು. ಗೋಣಿಕೊಪ್ಪದ ಸಂತೆಯನ್ನು ನೆನೆಸಿಕೊಳ್ಳಿ. ಮಧ್ಯಾಹ್ನ ಹೆಜ್ಜೆಗೊಬ್ಬ ಪರಿಚಯದವರು ಸಿಗುತ್ತಾರೆ. ಸಂಜೆ ಮೈದಾನ ಖಾಲಿಯಾದ ಮೇಲೆ ಅಲ್ಲಿ ಇಲ್ಲಿ ಉಳಿದ ನಾಲ್ಕು ಮಂದಿ ಒಬ್ಬರಿಗೊಬ್ಬರು ಎದುರಾಗುವುದೇ ಇಲ್ಲ. ವಿಂಪ್‌ಗಳಿಗೂ ಹಾಗೇ ಆಯಿತು. ಜೋಡಿ ಸಿಗದೆ ಉಳಿದವು ಇಂದಿನ ಡಾರ್ಕ್ ಮ್ಯಾಟರ್.

ಸುಲಭವಾಗಿ ಅಳಿಯುವ ಕಣವಾಗಿದ್ದರೆ ಕಡಿಮೆ ಉಳಿಯಬೇಕು. ಸೋಮಾರಿ ಕಣವಾಗಿದ್ದರೆ ಜಾಸ್ತಿ ಉಳಿಯಬೇಕು. ಇವತ್ತು ಎಷ್ಟು ಉಳಿದಿದೆ ಅಂತ ನಮಗೆ ಗೊತ್ತು. ಹಾಗಾದರೆ ಹಿಂದಕ್ಕೆ ಲೆಕ್ಕ ಹಾಕಿ, ಅದು ಎಷ್ಟು ಸುಲಭವಾಗಿ ಅಳಿಯಬೇಕು ಅಂತ ಕಂಡುಹಿಡಿಯಬಹುದು. ಉತ್ತರ ಹತ್ತಿರ ಹತ್ತಿರ ಸೆಕೆಂಡಿಗೆ 3 × 10⁻²⁶ ಘನ ಸೆಂಟಿಮೀಟರ್. ಈ ಸಂಖ್ಯೆಯ ಅರ್ಥಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಕಣ ಎದುರಾದರೆ ಅಳಿಯುವ ಸಾಧ್ಯತೆ ಎಷ್ಟು ಅನ್ನುವುದರ ಅಳತೆ ಅದು. ಪರಮಾಣು ಒಳಗಿನ ದುರ್ಬಲ ಬಲದಲ್ಲಿ ನಡೆಯುವ ಘಟನೆಗಳಿಗೂ ಇದೇ ಆಸುಪಾಸಿನ ಅಳತೆ ಬರುತ್ತದೆ. ಇದು ಕಾಕತಾಳೀಯವಲ್ಲ ಅಂತ ಬಹಳ ಮಂದಿ ನಂಬಿದರು. ಅದಕ್ಕೆ ವಿಂಪ್ ಪವಾಡ ಅಂತ ಹೆಸರನ್ನೂ ಇಟ್ಟರು. ಪವಾಡ ಅನ್ನುವ ಪದ ಕೇಳಿದರೆ ನನಗೆ ಸ್ವಲ್ಪ ಅನುಮಾನವೇ. ಆದರೂ ಗುರಿ ಸಿಕ್ಕಿತಲ್ಲ, ಅದು ದೊಡ್ಡದು.

ಈಗ ಆ ಸಂಖ್ಯೆಯನ್ನು ನಮ್ಮ ಸುತ್ತಮುತ್ತಕ್ಕೆ ಹಾಕಿ ನೋಡೋಣ. ಸೌರಮಂಡಲದ ಹತ್ತಿರ ಡಾರ್ಕ್ ಮ್ಯಾಟರ್ ಎಷ್ಟು ತೆಳು ಅಂದರೆ, ಇಡೀ ಭೂಮಿಯಷ್ಟು ದೊಡ್ಡ ಜಾಗದೊಳಗೆ ಒಟ್ಟು ಅರ್ಧದಿಂದ ಮುಕ್ಕಾಲು ಕಿಲೋ. ಕಾಫಿಪುಡಿಯ ಒಂದೆರಡು ಪ್ಯಾಕೆಟ್ ಅಷ್ಟೇ. ಕಣದ ಭಾರ ಪ್ರೋಟಾನಿನ ನೂರು ಪಟ್ಟು ಅಂತ ಇಟ್ಟುಕೊಂಡರೆ, ಒಂದು ಲೀಟರ್ ಬಾಟಲಿಯೊಳಗೆ ಯಾವುದೇ ಕ್ಷಣದಲ್ಲಿ ಮೂರೋ ನಾಲ್ಕೋ ಕಣ. ಇವು ಎಷ್ಟು ಸಲ ಅಳಿಯುತ್ತವೆ? ಕಾಗದದ ಮೇಲೆ ಲೆಕ್ಕ ಹಾಕಿದೆ. ಇಡೀ ಭೂಮಿಯಷ್ಟು ಜಾಗದಲ್ಲಿ ಒಂದೆರಡು ಗಂಟೆಗೆ ಒಂದು ಸಲ.

ಮಾವನ ಒಳಗೆ ಸೆಕೆಂಡಿಗೆ ಕೋಟಿಗಟ್ಟಲೆ. ಇಲ್ಲಿ ಇಡೀ ಭೂಮಿಯ ಅಳತೆಗೆ ಗಂಟೆಗೊಂದು. ಅಂಗೈ ಮೇಲೆ ಯಂತ್ರ ಇಟ್ಟು ಕಾಯುವುದರಲ್ಲಿ ಅರ್ಥವಿಲ್ಲ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ. ಡಾರ್ಕ್ ಮ್ಯಾಟರ್ ದಟ್ಟವಾಗಿ ರಾಶಿ ಬಿದ್ದಿರುವ ಕಡೆಗೆ ನೋಡಬೇಕು. ಅಳಿಯಲು ಎರಡು ಕಣ ಬೇಕಲ್ಲ, ಹಾಗಾಗಿ ದಟ್ಟಣೆ ಎರಡು ಪಟ್ಟಾದರೆ ಡಿಕ್ಕಿ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು.

ನಮಗೆ ಹತ್ತಿರದ ಅತಿ ದೊಡ್ಡ ರಾಶಿ ಹಾಲುಹಾದಿಯ ನಡುಭಾಗ. ಸುಮಾರು 26,000 ಜ್ಯೋತಿರ್ವರ್ಷ ದೂರ, ಧನು ರಾಶಿಯ ದಿಕ್ಕು. ಮಾರ್ಚ್ ನಡುವಿನಲ್ಲಿ ಹೂ ಬಿಡಿಸಲು ರೊಬಸ್ಟಾಕ್ಕೆ ನೀರು ಹಾಯಿಸುವಾಗ, ಬೆಳಗಿನ ಜಾವ ನಾಲ್ಕಕ್ಕೆ ಸ್ಪ್ರಿಂಕ್ಲರ್ ಪೈಪು ಬದಲಿಸಲು ಎದ್ದವರು ಆಗ್ನೇಯಕ್ಕೆ ತಲೆ ಎತ್ತಿ ನೋಡಿ. ವೃಶ್ಚಿಕದ ಕೊಂಡಿ ಬಾಲದ ಪಕ್ಕದಲ್ಲಿ ಹಾಲುಹಾದಿ ದಪ್ಪಗಾಗುವ ಜಾಗ ಇದೆಯಲ್ಲ, ಅದೇ. ಮೊದಲು ಹತ್ತಿರದಲ್ಲಿ ಆನೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಹಾಲುಹಾದಿಯ ಆ ಜಾಗ ರಾತ್ರಿಯೆಲ್ಲ ನೆತ್ತಿಯ ದಕ್ಷಿಣಕ್ಕಿರುವ ಜೂನ್, ಜುಲೈನಲ್ಲಿ ನಮಗೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ.

ಗಾಮಾ ಕಿರಣ ವಾತಾವರಣ ದಾಟಿ ಕೆಳಗೆ ಬರುವುದಿಲ್ಲ. ಅದಕ್ಕೇ 2008ರ ಜೂನ್ 11ರಂದು ಫರ್ಮಿ ಎಂಬ ದೂರದರ್ಶಕವನ್ನು ಮೇಲೆ ಕಳಿಸಿದರು. ಐನೂರು ಕಿಲೋಮೀಟರಿಗೂ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿದೆ. ಇದರೊಳಗೆ ನಡೆಯುವುದು ಮಾವನ ಸ್ಕ್ಯಾನಿನ ಪೂರ್ತಿ ಉಲ್ಟಾ. ಗಾಮಾ ಕಿರಣ ಟಂಗ್‌ಸ್ಟನ್ ಹಾಳೆಗೆ ಬಡಿದು ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಆ ಎರಡರ ಜಾಡು ಹಿಡಿದು ಕಿರಣ ಎಲ್ಲಿಂದ ಬಂತು, ಎಷ್ಟು ಶಕ್ತಿಯದ್ದು ಅಂತ ಲೆಕ್ಕ ಹಾಕುತ್ತಾರೆ.

2009ರಲ್ಲಿ ಲೀಸಾ ಗುಡ್‌ಇನಫ್ ಮತ್ತು ಡಾನ್ ಹೂಪರ್ ಫರ್ಮಿಯ ಮಾಹಿತಿ ಕೆದಕಿ, ಹಾಲುಹಾದಿಯ ನಡುವಿನಿಂದ ನಿರೀಕ್ಷೆಗಿಂತ ಜಾಸ್ತಿ ಗಾಮಾ ಕಿರಣ ಬರುತ್ತಿದೆ ಅಂತ ತೋರಿಸಿದರು. ಎಲ್ಲಾ ಗೊತ್ತಿರುವ ಮೂಲಗಳನ್ನು ಕಳೆದ ಮೇಲೂ ಒಂದು ಹೊಳಪು ಉಳಿಯುತ್ತದೆ. ಒಂದರಿಂದ ಮೂರು ಜಿಇವಿ ಶಕ್ತಿಯ ಹತ್ತಿರ ಅದು ಅತಿ ಹೆಚ್ಚು. ಒಂದು ಜಿಇವಿ ಅಂದರೆ ಒಂದು ಪ್ರೋಟಾನ್ ಪೂರ್ತಿ ಶಕ್ತಿಯಾಗಿ ಬದಲಾದರೆ ಸಿಗುವಷ್ಟು. ಪ್ರೋಟಾನಿನ ಕೆಲವು ಹತ್ತು ಪಟ್ಟು ಭಾರದ ವಿಂಪ್‌ಗಳು ಅಳಿದರೆ ಹೀಗೇ ಕಾಣಬೇಕು. ಹೊಳಪಿನ ಪ್ರಮಾಣವೂ ಆ ಹಳೆಯ 3 × 10⁻²⁶ರ ಆಸುಪಾಸಿಗೇ ಬಂದು ನಿಂತಿತು! ಆ ಹೊಳಪು ಇದೆ ಅನ್ನುವುದರ ಬಗ್ಗೆ ಈಗ ಜಗಳವಿಲ್ಲ. ಬೇರೆ ಬೇರೆ ಗುಂಪುಗಳು ನೋಡಿ ಒಪ್ಪಿವೆ.

ಹಾಗಾದರೆ ಸಿಕ್ಕಿತಲ್ಲ ಅನ್ನಬಹುದು. ಇಲ್ಲಿ ನಾನು ಮಡಿಕೇರಿ ದಸರಾಕ್ಕೆ ಕರೆದುಕೊಂಡು ಹೋಗಬೇಕು. ದಶಮಂಟಪಗಳು ಹೊರಡುವ ರಾತ್ರಿ. ಸಾವಿರಾರು ಬಲ್ಬು, ಹೊಗೆ, ಡಿಜೆ, ಜನ. ಆ ಗದ್ದಲದಲ್ಲಿ ದೂರದಿಂದ ನೋಡಿ, ಯಾರೋ ಒಬ್ಬರು ಮೊಬೈಲ್ ಟಾರ್ಚ್ ಹಾಕಿದ್ದಾರಾ ಅಂತ ಹೇಳಿ ನೋಡೋಣ. ಹಾಲುಹಾದಿಯ ನಡುಭಾಗ ಅಂಥದ್ದು. ಕಾಸ್ಮಿಕ್ ಕಿರಣಗಳು, ಅಂದರೆ ಆಕಾಶದಲ್ಲಿ ಭಾರೀ ವೇಗದಲ್ಲಿ ಓಡಾಡುವ ಕಣಗಳು, ಅನಿಲದ ಮೋಡಗಳಿಗೆ ಬಡಿದು ಗಾಮಾ ಕಿರಣ ಹುಟ್ಟಿಸುತ್ತಿರುತ್ತವೆ. ಸತ್ತ ನಕ್ಷತ್ರಗಳು ಹೊಳೆಯುತ್ತಿರುತ್ತವೆ. ನಡುವಿನಲ್ಲಿ ಒಂದು ದೈತ್ಯ ಕಪ್ಪುಕುಳಿ ಬೇರೆ.

ಅನುಮಾನ ಬಿದ್ದಿರುವುದು ಮಿಲಿಸೆಕೆಂಡ್ ಪಲ್ಸಾರ್‌ಗಳ ಮೇಲೆ. ಇವು ಸೆಕೆಂಡಿಗೆ ನೂರಾರು ಸಲ ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ದೊಡ್ಡ ನಕ್ಷತ್ರಗಳ ಕುಗ್ಗಿದ ತಿರುಳು. ಇವುಗಳ ಗಾಮಾ ಬೆಳಕೂ ಒಂದೆರಡು ಜಿಇವಿಯ ಹತ್ತಿರವೇ ಅತಿ ಹೆಚ್ಚು. ಹಾಲುಹಾದಿಯ ನಡುವಿನಲ್ಲಿ ಸಾವಿರಾರು ಇದ್ದರೆ, ಒಂದೊಂದೂ ಬಿಡಿಯಾಗಿ ಕಾಣದಷ್ಟು ಮಂದವಾಗಿದ್ದರೆ, ಒಟ್ಟು ಸೇರಿ ಇದೇ ಹೊಳಪು ಕೊಡುತ್ತವೆ. ಬುಡದಲ್ಲಿ ಹಲಸಿನ ಹಣ್ಣು ಸೀಳಿ ಬಿದ್ದಿದೆ, ತಿಂದದ್ದು ಆನೆಯೋ ಹಂದಿಯೋ ಅನ್ನುವ ಪ್ರಶ್ನೆ ಇದು. ಎರಡೂ ಹಲಸು ತಿನ್ನುತ್ತವೆ.

ಬಿಡಿಸುವ ಒಂದು ದಾರಿ, ಹೊಳಪು ನುಣ್ಣಗಿದೆಯೋ ತರಿತರಿಯಾಗಿದೆಯೋ ಅಂತ ನೋಡುವುದು. ರಾಜಾಸೀಟಿನಲ್ಲಿ ಸಂಜೆ ನಿಂತರೆ ಕಣಿವೆಯ ಮಂಜಿನೊಳಗಿಂದ ಮಸುಕು ಬೆಳಕು ಕಾಣುತ್ತದೆ. ಅದು ಒಂದೇ ದೊಡ್ಡ ದೀಪವೋ, ನೂರು ಮನೆಗಳ ಸಣ್ಣ ಬಲ್ಬುಗಳೋ? ಡಾರ್ಕ್ ಮ್ಯಾಟರ್ ಆದರೆ ನುಣ್ಣಗಿರಬೇಕು, ಪಲ್ಸಾರ್ ಆದರೆ ತರಿತರಿ. 2015ರಲ್ಲಿ ಎರಡು ಗುಂಪುಗಳು ಬೇರೆ ಬೇರೆ ವಿಧಾನದಲ್ಲಿ ನೋಡಿ ತರಿತರಿ ಅಂದವು. ಡಾರ್ಕ್ ಮ್ಯಾಟರ್ ಕಥೆ ಮುಗಿಯಿತು ಅಂತ ತುಂಬಾ ಜನ ಎದ್ದು ಹೊರಟರು. 2019ರಲ್ಲಿ ರೆಬೆಕ್ಕಾ ಲೀನ್ ಮತ್ತು ಟ್ರೇಸಿ ಸ್ಲೇಟಿಯರ್ ಒಂದು ಕುತೂಹಲದ ಪರೀಕ್ಷೆ ಮಾಡಿದರು. ಮಾಹಿತಿಯೊಳಗೆ ತಾವೇ ನುಣ್ಣನೆಯ ನಕಲಿ ಡಾರ್ಕ್ ಮ್ಯಾಟರ್ ಬೆಳಕನ್ನು ಸೇರಿಸಿ, ಆ ಎರಡು ವಿಧಾನಗಳಲ್ಲಿ ಒಂದನ್ನು ಓಡಿಸಿದರು. ಅದು ಆ ನಕಲಿ ಬೆಳಕನ್ನೂ ಪಲ್ಸಾರ್‌ಗಳ ಲೆಕ್ಕಕ್ಕೇ ಬರೆಯಿತು. ಅಂದರೆ ಕನ್ನಡಕದಲ್ಲೇ ಗೀರು ಇದ್ದಿರಬಹುದು. ಹೊಳಪಿನ ಆಕಾರದ ಬಗ್ಗೆಯೂ ಎರಡು ಪಕ್ಷ. ಡಾರ್ಕ್ ಮ್ಯಾಟರ್‌ಗೆ ಒಪ್ಪುವಂತೆ ಉರುಟಾಗಿದೆ ಅನ್ನುವವರು ಕೆಲವರು. ನಡುಭಾಗದ ಹಳೆಯ ನಕ್ಷತ್ರಗಳು ಹರಡಿರುವ ರೀತಿಯಲ್ಲೇ ಇದೆ ಅನ್ನುವವರು ಕೆಲವರು. ನನ್ನ ಮನಸ್ಸು ಪಲ್ಸಾರ್ ಕಡೆಗೆ ವಾಲುತ್ತದೆ, ಆದರೆ ಪಣ ಕಟ್ಟುವಷ್ಟು ಅಲ್ಲ.

ದಸರಾ ಗದ್ದಲದಲ್ಲಿ ಟಾರ್ಚ್ ಕಾಣದಿದ್ದರೆ ಏನು ಮಾಡಬೇಕು? ಮಳೆಗಾಲದಲ್ಲಿ ಕರೆಂಟ್ ಹೋಗಿ ನಾಲ್ಕು ದಿನ ಆದ ಒಂಟಿ ತೋಟಕ್ಕೆ ಹೋಗಬೇಕು. ಅಲ್ಲಿ ಬೀಡಿ ಹಚ್ಚಿದರೂ ಗೊತ್ತಾಗುತ್ತದೆ. ಆಕಾಶದಲ್ಲೂ ಅಂಥ ಜಾಗಗಳಿವೆ. ಹಾಲುಹಾದಿಯ ಸುತ್ತ ಕುಳ್ಳ ಗ್ಯಾಲಕ್ಸಿಗಳು ಸುತ್ತುತ್ತಿವೆ, ಡ್ರೇಕೋ, ಸೆಗ್ಯೂ 1 ಹೀಗೆ. ಒಳಗೆ ನಕ್ಷತ್ರ ಕಡಿಮೆ, ಅನಿಲ ಇಲ್ಲವೇ ಇಲ್ಲ ಅನ್ನಬಹುದು. ತೂಕದಲ್ಲಿ ಬಹುಪಾಲು ಡಾರ್ಕ್ ಮ್ಯಾಟರ್. ಇಲ್ಲಿಂದ ಗಾಮಾ ಕಿರಣ ಬಂದರೆ ಬೇರೆ ಯಾರ ತಲೆಗೆ ಕಟ್ಟುವುದು? 2015ರಲ್ಲಿ ಫರ್ಮಿ ತಂಡ ಇಂಥ 15 ಕುಳ್ಳ ಗ್ಯಾಲಕ್ಸಿಗಳ ಆರು ವರ್ಷದ ಮಾಹಿತಿಯನ್ನು ಒಟ್ಟು ಸೇರಿಸಿ ನೋಡಿತು. ಏನೂ ಇಲ್ಲ.

ಏನೂ ಇಲ್ಲ ಅನ್ನುವುದೂ ಒಂದು ಉತ್ತರವೇ. ಗುರಿ ಎಷ್ಟು ದೊಡ್ಡದು ಅಂತ ಮೊದಲೇ ಗೊತ್ತಿತ್ತಲ್ಲ. ಪ್ರೋಟಾನಿನ ನೂರು ಪಟ್ಟಿಗಿಂತ ಹಗುರದ ವಿಂಪ್‌ಗಳು, ಸಾಮಾನ್ಯವಾಗಿ ಊಹಿಸುವ ರೀತಿಯಲ್ಲಿ, ಆ 3 × 10⁻²⁶ರ ಲೆಕ್ಕದಂತೆ ಅಳಿಯುತ್ತಿದ್ದರೆ ಕಾಣಬೇಕಿತ್ತು. ಕಾಣಲಿಲ್ಲ. ಹಾಗಾಗಿ ಆ ಬಗೆಯವನ್ನು ಪಟ್ಟಿಯಿಂದ ಹೊಡೆದುಹಾಕಿದರು. ಆದರೆ ಕುಳ್ಳ ಗ್ಯಾಲಕ್ಸಿಯಲ್ಲಿ ಡಾರ್ಕ್ ಮ್ಯಾಟರ್ ಎಷ್ಟಿದೆ ಅನ್ನುವುದನ್ನು ಬೆರಳೆಣಿಕೆಯ ನಕ್ಷತ್ರಗಳ ಓಡಾಟ ನೋಡಿ ಅಳೆಯಬೇಕು. ಆ ಅಳತೆ ಸ್ವಲ್ಪ ಸಡಿಲ. ನಡುಭಾಗದ ಹೊಳಪನ್ನು ಪೂರ್ತಿ ಕೊಲ್ಲಲು ಇದು ಸಾಕಾಗಲಿಲ್ಲ.

ಗಾಮಾ ಕಿರಣಕ್ಕೊಂದು ಒಳ್ಳೆಯ ಗುಣ, ನೇರ ಬರುತ್ತದೆ. ಪಾಸಿಟ್ರಾನ್ ಹಾಗಲ್ಲ. ಅದಕ್ಕೆ ವಿದ್ಯುತ್ ಗುಣ ಇರುವುದರಿಂದ ದಾರಿಯಲ್ಲಿ ಸಿಗುವ ಕಾಂತಕ್ಷೇತ್ರಗಳು ಅತ್ತಿತ್ತ ತಿರುಗಿಸಿಬಿಡುತ್ತವೆ. ಹುತ್ತರಿ ರಾತ್ರಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರಲ್ಲ, ಕಣಿವೆಯಲ್ಲಿ ಸದ್ದು ಎಲ್ಲಾ ಕಡೆಯಿಂದ ಬರುತ್ತದೆ. ಯಾರ ಗದ್ದೆಯದ್ದು ಅಂತ ಹೇಳಲಾಗುವುದಿಲ್ಲ. 2008ರಲ್ಲಿ ಪಮೇಲಾ ಎಂಬ ಉಪಗ್ರಹ ಉಪಕರಣ, 2013ರಲ್ಲಿ ಅಂತರಿಕ್ಷ ನಿಲ್ದಾಣದ ಮೇಲಿರುವ ಎಎಂಎಸ್, ಹೆಚ್ಚು ಶಕ್ತಿಯ ಪಾಸಿಟ್ರಾನ್‌ಗಳು ನಿರೀಕ್ಷೆಗಿಂತ ಜಾಸ್ತಿ ಇವೆ ಅಂತ ಹೇಳಿದವು. ಪತ್ರಿಕೆಗಳಲ್ಲಿ ಡಾರ್ಕ್ ಮ್ಯಾಟರ್ ಸುಳಿವು ಅಂತ ದೊಡ್ಡದಾಗಿ ಬಂತು. ಇಲ್ಲೂ ಪಲ್ಸಾರ್‌ಗಳೇ ಅಡ್ಡ ಬಂದವು, ಅವೂ ಪಾಸಿಟ್ರಾನ್ ಉಗುಳುತ್ತವೆ. ಈಗ ಆ ಕಡೆಯ ವಾದಕ್ಕೇ ಬಲ ಜಾಸ್ತಿ.

ನ್ಯೂಟ್ರಿನೋ ದಾರಿ ನನಗೆ ಎಲ್ಲಕ್ಕಿಂತ ಸೊಗಸು ಅನ್ನಿಸುತ್ತದೆ. ಡಾರ್ಕ್ ಮ್ಯಾಟರ್ ಕಣಗಳು ಸೂರ್ಯನನ್ನು ಹಾದು ಹೋಗುವಾಗ ಅಪರೂಪಕ್ಕೊಮ್ಮೆ ಒಳಗಿನ ಪರಮಾಣುವಿಗೆ ತಾಗಿ ವೇಗ ಕಳೆದುಕೊಂಡು ಸಿಕ್ಕಿಹಾಕಿಕೊಳ್ಳಬಹುದು. ಕೋಟಿ ಕೋಟಿ ವರ್ಷದಲ್ಲಿ ನಡುವಿನಲ್ಲಿ ರಾಶಿ ಬಿದ್ದು ಅಳಿಯತೊಡಗಬಹುದು. ಗಾಮಾ ಕಿರಣ ಸೂರ್ಯನೊಳಗಿಂದ ಹೊರಬರಲಾರದು, ನ್ಯೂಟ್ರಿನೋ ಬರುತ್ತದೆ. ಸೂರ್ಯ ತಾನಾಗಿ ಬಿಡುವ ನ್ಯೂಟ್ರಿನೋಗಳ ಶಕ್ತಿ ಈ ಅಳಿವಿನ ನ್ಯೂಟ್ರಿನೋಗಳದ್ದರ ಸಾವಿರದ ಒಂದು ಪಾಲಿನ ಲೆಕ್ಕದ್ದು. ಹಾಗಾಗಿ ಆ ಕಡೆಯಿಂದ ಹತ್ತಾರು ಜಿಇವಿಯ ನ್ಯೂಟ್ರಿನೋಗಳು ಒಂದೇ ಸಮನೆ ಬಂದರೆ ನೆಪ ಹೇಳುವುದು ಕಷ್ಟ. ದಕ್ಷಿಣ ಧ್ರುವದ ಮಂಜುಗಡ್ಡೆಯೊಳಗೆ ಒಂದು ಘನ ಕಿಲೋಮೀಟರ್ ಜಾಗದಲ್ಲಿ 5,160 ಬೆಳಕಿನ ಕಣ್ಣುಗಳನ್ನು ಇಳಿಬಿಟ್ಟ ಐಸ್‌ಕ್ಯೂಬ್ ಇದಕ್ಕಾಗಿಯೂ ಕಾಯುತ್ತಿದೆ. ಇನ್ನೂ ಬಂದಿಲ್ಲ. ಅಂದಹಾಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಮೊದಲು ಹಿಡಿದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ.

ಲಡಾಖಿನ ಹಾನ್ಲೆಯಲ್ಲಿ ಸುಮಾರು 4,300 ಮೀಟರ್ ಎತ್ತರದಲ್ಲಿ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಸ್ ದೂರದರ್ಶಕವೂ ಈ ಆಟದಲ್ಲಿದೆ. ಅದರ ಕನ್ನಡಿಯ ಅಗಲ 21 ಮೀಟರ್. ಹೆಚ್ಚು ಶಕ್ತಿಯ ಗಾಮಾ ಕಿರಣ ಗಾಳಿಗೆ ಬಡಿದಾಗ ಕಣಗಳ ಜಡಿಮಳೆ ಆಗಿ ನೀಲಿ ಮಿಂಚೊಂದು ಹೊರಡುತ್ತದೆ, ಸೆಕೆಂಡಿನ ನೂರು ಕೋಟಿಯ ಕೆಲವೇ ಪಾಲು ಹೊತ್ತು. ಮೇಸ್ ಅದನ್ನು ಹಿಡಿಯುತ್ತದೆ. ಭಾರದ ವಿಂಪ್‌ಗಳಿಗೆ ಈ ಬಗೆಯ ಕಣ್ಣುಗಳೇ ಬೇಕು, ಫರ್ಮಿ ಅಲ್ಲಿ ಸೋಲುತ್ತದೆ.

ನಡುಭಾಗದ ಹೊಳಪಿನ ಜಗಳ ತೀರಿಸುವುದು ಬಹುಶಃ ಗಾಮಾ ದೂರದರ್ಶಕ ಅಲ್ಲ, ರೇಡಿಯೋ ದೂರದರ್ಶಕ. ಪಲ್ಸಾರ್‌ಗಳು ರೇಡಿಯೋದಲ್ಲೂ ಟಿಕ್ ಟಿಕ್ ಅನ್ನುತ್ತವೆ. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ ಏಳುತ್ತಿರುವ ಎಸ್‌ಕೆಎ ಎಂಬ ರೇಡಿಯೋ ದೂರದರ್ಶಕ, ಅದರಲ್ಲಿ ಭಾರತವೂ ಪಾಲುದಾರ, ಹಾಲುಹಾದಿಯ ನಡುವಿನ ಮಿಲಿಸೆಕೆಂಡ್ ಪಲ್ಸಾರ್‌ಗಳನ್ನು ಒಂದೊಂದಾಗಿ ಎಣಿಸುವಷ್ಟು ಸೂಕ್ಷ್ಮವಾಗಿರುತ್ತದೆ. ಹೊಳಪಿಗೆ ಬೇಕಾದಷ್ಟು ಸಿಕ್ಕರೆ ತಿಂದದ್ದು ಹಂದಿ. ತುಂಬಾ ಹುಡುಕಿಯೂ ಸಿಗದಿದ್ದರೆ ಆನೆಯ ಕಡೆಗೆ ತೂಕ ಜಾಸ್ತಿ.

ಇದನ್ನೆಲ್ಲ ಹೇಳಿ ಮುಗಿಸುವಾಗ ತಿತಿಮತಿ ದಾಟಿದ್ದೆವು. ಮಾವ ಕಾರು ನಿಲ್ಲಿಸಿಸಿ ಒಂದು ಅಂಗಡಿಯಲ್ಲಿ ಕಾಫಿ ಕುಡಿದರು. ಅವತ್ತಿಗೆ ಮೂರನೆಯದು. "ಎಣಿಸಲಿ ಬಿಡು," ಅಂದರು. "ನಮ್ಮ ಹಲಸಿನ ಮರಕ್ಕೂ ಒಂದು ಕ್ಯಾಮೆರಾ ಕಟ್ಟಬೇಕು."